ದೇವರು ಖಾಲಿ ಮಾಡಿದ ಕೋಣೆ

ನನ್ನ ಕೋಣೆಯ ಕಿಟಕಿಗೆ ಒಂದು ಕೆಟ್ಟ ಚಾಳಿ ಇದೆ. ಸಂಡೂರಿನ ಗುಡ್ಡಗಳ ಕಡೆಯಿಂದ ಗಾಳಿ ಎದ್ದಿತೆಂದರೆ ಸಾಕು, ಟಪಟಪ ಎಂದು ಬಡಿದುಕೊಳ್ಳತೊಡಗುತ್ತದೆ. ಮನೆ ಮಾಲೀಕರಿಗೆ ಹೇಳಿದೆ. "ಆತ್ರಿ, ನಾಳಿ ಬಡಗ್ಯಾನ್ನ ಕಳಿಸ್ತೀನಿ" ಎಂದರು. ಅವರ ನಾಳೆ ಬರುವ ಹೊತ್ತಿಗೆ ನನ್ನ ಆಯುಸ್ಸು ಮುಗಿದೀತೆಂದು, ಕೈಗೆ ಸಿಕ್ಕ ಒಂದು ರಟ್ಟನ್ನು ನಾನೇ ಸಂದಿಗೆ ತುರುಕಿದ್ದೆ. ನಾಲ್ಕಾರು ತಿಂಗಳ ಹಿಂದಿನ ಮಾತು. ಇವತ್ತು ಬೆಳಗ್ಗೆ ಗಾಳಿಯ ಹೊಡೆತಕ್ಕೆ ಅದು ಕಿತ್ತುಕೊಂಡು ಬಂದು ನನ್ನ ಕಾಫಿ ಲೋಟದ ಪಕ್ಕದಲ್ಲೇ ಬಿತ್ತು. ಎತ್ತಿ ನೋಡುತ್ತೇನೆ, ಸ್ಪೇನ್ ದೇಶದಿಂದ ಬಂದ ಕಾರ್ಡು! ಅಯ್ಯೋ ನನ್ನ ತಲೆಯೇ, ಪೆಟ್ಟಿಗೆಯಲ್ಲಿ ಜೋಪಾನವಾಗಿ ಇಟ್ಟುಕೊಳ್ಳಬೇಕಾದ್ದನ್ನು ಕಿಟಕಿಗೆ ತುರುಕಿದೆನಲ್ಲ ಎಂದು ನನಗೆ ನಾನೇ ಬೈದುಕೊಂಡೆ. ಕನ್ನಡಕ ಹಾಕಿಕೊಳ್ಳದೆ ಕೆಲಸ ಮಾಡಿದರೆ ಹೀಗೇ ಆಗುವುದು.

ಕಾರ್ಡಿನ ಮೇಲೆ ಒಂದು ಚಿತ್ರವಿದೆ. ಬೋಳು ಗುಡ್ಡ, ಅದರ ನೆತ್ತಿಯ ಮೇಲೆ ಹಳೆಯ ಕಲ್ಲಿನ ಮಠ. ಒಂದು ಮೂಲೆಗೆ ಚೌಕನೆಯ ಗೋಪುರ, ದಪ್ಪ ಗೋಡೆಗಳಲ್ಲಿ ಸಣ್ಣ ಸಣ್ಣ ಕಿಟಕಿಗಳು, ಕೆಳಗೆ ಕಣಿವೆಯಲ್ಲಿ ಹೊಳೆ. ಹೆಬ್ಬಾಗಿಲ ಮುಂದೆ ಮಾತ್ರ ಒಂದು ಹೊಸ ಮೋಟಾರು ನಿಂತಿದೆ. ಒಳಗೆ ಈಗ ಸನ್ಯಾಸಿಗಳಿಲ್ಲ, ಅದು ಪ್ರಯಾಣಿಕರು ಇಳಿದುಕೊಳ್ಳುವ ಹೋಟಲು. ಬಿದ್ದುಹೋಗುತ್ತಿದ್ದ ಕೋಟೆ, ಅರಮನೆ, ಮಠಗಳನ್ನು ಆ ದೇಶದ ಸರ್ಕಾರ ರಿಪೇರಿ ಮಾಡಿಸಿ, ಮಂಚ ಹಾಸಿಗೆ ಹಾಕಿಸಿ, ಬಂದವರಿಗೆ ಊಟ ವಸತಿ ಕೊಡುತ್ತದಂತೆ. ಯಾವನೋ ರಾಜ ಗೊರಕೆ ಹೊಡೆದ ಕೋಣೆಯಲ್ಲಿ ನೀವೂ ಹೊಡೆಯಬಹುದು. ಬೆಳಗ್ಗೆ ಎದ್ದು ಕಿಟಕಿ ತೆಗೆದರೆ ಅವನು ನೋಡುತ್ತಿದ್ದ ಹೊಳೆಯನ್ನೇ ನೋಡಬಹುದು.

ನಾನು ಅಲ್ಲಿಗೆ ಹೋಗಲು ಎಷ್ಟೋ ಸಲ ಹೊರಟಿದ್ದೇನೆ. ನಗಬೇಡಿ. ಹೊಸಪೇಟೆಯಿಂದ ಗುಂತಕಲ್ಲು, ಅಲ್ಲಿಂದ ಬೊಂಬಾಯಿ, ಬೊಂಬಾಯಿಯಿಂದ ಹಡಗು. ಹಡಗು ಹತ್ತುವವರೆಗೆ ನನಗೆ ಏನೂ ತೊಂದರೆಯಿಲ್ಲ. ಹಡಗಿನಲ್ಲಿ ಮಾತ್ರ ನನ್ನ ಊಟದ ಗತಿ ಏನೆಂದು ಯೋಚಿಸುತ್ತ ನಿದ್ದೆ ಬಂದುಬಿಡುತ್ತದೆ. ಈಗಂತೂ ಆ ದೇಶದಲ್ಲಿ ಯುದ್ಧ. ಯುದ್ಧ ಮುಗಿಯಲಿ ಎನ್ನುತ್ತೇನೆ. ಮುಗಿದ ಮೇಲೆ ಮೊಣಕಾಲು ನೋವು ಎನ್ನುತ್ತೇನೆ, ನನಗೆ ಗೊತ್ತು.

ನಮ್ಮ ಅಪ್ಪನಿಗೆ ಹೋಟಲಿನಲ್ಲಿ ಮಲಗುವ ಮಾತು ಕೇಳಿದರೇ ಮೈಯೆಲ್ಲ ಉರಿಯುತ್ತಿತ್ತು. "ಹಾಸಿಗಿ ಯಾರದೋ, ತಲಿದಿಂಬು ಯಾರದೋ, ಥೂ" ಎನ್ನುತ್ತಿದ್ದರು. ಕಂಪ್ಲಿಯಲ್ಲಿ ನನ್ನ ಸೋದರತ್ತೆ ಇದ್ದಳು. ವರ್ಷಕ್ಕೊಮ್ಮೆ ಎತ್ತಿನ ಬಂಡಿ ಕಟ್ಟಿಕೊಂಡು ಹೋಗುತ್ತಿದ್ದೆವು. ಮಧ್ಯಾಹ್ನದ ಬಿಸಿಲಿಗೆ ಎತ್ತು ಬಿಚ್ಚಿ ದಾರಿಯ ಯಾವುದಾದರೊಂದು ಪಾಳು ಗುಡಿಯಲ್ಲಿ ಮಲಗುವುದು. ಆ ದಾರಿಯಲ್ಲಿ ಗುಡಿಗಳಿಗೇನು ಬರವೇ? ನನಗೊಂದು, ಅಪ್ಪನಿಗೊಂದು, ಎತ್ತುಗಳಿಗೊಂದು ಆಗುವಷ್ಟಿದ್ದವು. ಕಲ್ಲಿನ ಮೇಲೆ ಕೆನ್ನೆ ಇಟ್ಟರೆ ಹೊರಗಿನ ಬೆಂಕಿಯಂಥ ಬಿಸಿಲು ಮರೆತೇ ಹೋಗುತ್ತಿತ್ತು. ಅವ್ವ ಕಟ್ಟಿಕೊಟ್ಟ ರೊಟ್ಟಿಯ ಗಂಟಿನಿಂದ ಶೇಂಗಾ ಚಟ್ನಿಯ ವಾಸನೆ ಬರುತ್ತಿತ್ತು. ಅಪ್ಪನ ಗೊರಕೆಗೆ ಬಾವಲಿಗಳು ಎದ್ದು ಹಾರಾಡುತ್ತಿದ್ದವು. ಗುಡಿಯಲ್ಲಿ ಮಲಗುವುದು ಹೀಗೆ ನಮ್ಮ ಮನೆತನದ ರೂಢಿ. ಅಪ್ಪ ಹೊರಮಂಟಪದಲ್ಲೇ ನಿಂತರು. ನಾನು ಗರ್ಭಗುಡಿಯವರೆಗೂ ಹೋದೆ.

ಗರ್ಭಗುಡಿ ಎಂದೆನಲ್ಲ, ತಮಾಷೆಗೆ ಹೇಳಿದ್ದಲ್ಲ. ನನಗೆ ಸರ್ಕಾರದಲ್ಲಿ ನಕ್ಷೆ ಬರೆಯುವ ನೌಕರಿ. ಹಾಳು ಹಂಪಿಯ ಒಂದೊಂದು ಕಂಬ, ಒಂದೊಂದು ಮೆಟ್ಟಿಲನ್ನೂ ಅಳೆದು ಕಾಗದಕ್ಕೆ ಇಳಿಸುವ ಕೆಲಸವೆಂದು ನನ್ನನ್ನು ಬಳ್ಳಾರಿಯಿಂದ ಕಮಲಾಪುರದ ಕಡೆಗೆ ಹಾಕಿದರು. ಹಾಕಿದರು ಎನ್ನುವುದು ಸುಳ್ಳು, ನಾನೇ ಕೇಳಿ ಹಾಕಿಸಿಕೊಂಡದ್ದು. ಹೆಂಡತಿ ತೀರಿಕೊಂಡು ಎರಡು ವರ್ಷವಾಗಿತ್ತು. ಮಕ್ಕಳಿರಲಿಲ್ಲ. ಬಳ್ಳಾರಿಯ ಮನೆಯ ಬೀಗ ತೆಗೆದರೆ ಒಳಗಿನಿಂದ ಯಾರೂ "ಬಂದ್ರಾ?" ಎನ್ನುತ್ತಿರಲಿಲ್ಲ. ಆ ಮನೆಗೆ ದಿನಾ ಸಂಜೆ ಹೋಗುವುದಕ್ಕಿಂತ ಮನೆಯೇ ಇಲ್ಲದ ಊರಿಗೆ ಹೋಗುವುದು ವಾಸಿ ಎನಿಸಿತ್ತು.

ಅಲ್ಲಿ ಸರ್ಕಾರದವರು ಇಳಿದುಕೊಳ್ಳುವ ಬಂಗಲೆ ಎಂದರೆ ಒಂದು ಹಳೆಯ ಗುಡಿ. ಹಿಂದೆ ಯಾರೋ ಇಂಗ್ಲಿಷ್ ದೊರೆಗಳಿಗೆ ಆ ಜಾಗದ ನೋಟ ಹಿಡಿಸಿತಂತೆ. ಹಿಡಿಸದೆ ಏನು? ಮೆಟ್ಟಿಲ ಮೇಲೆ ಕೂತರೆ ಎದುರಿಗೆ ಕೆರೆ, ಕೆರೆಯ ಕೆಳಗೆ ಕಬ್ಬು, ಬಾಳೆ, ಅದರಾಚೆ ಬಂಡೆಯ ಗುಡ್ಡಗಳು. ದೇವರ ಮೂರ್ತಿ ಯಾವ ಕಾಲಕ್ಕೆ ಹೋಯಿತೋ, ಎಲ್ಲಿಗೆ ಹೋಯಿತೋ. ಖಾಲಿ ಬಿದ್ದಿದ್ದ ಗುಡಿಗೆ ಸುಣ್ಣ ಹೊಡೆದು ಬಂಗಲೆ ಮಾಡಿದರು. ನವರಂಗದಲ್ಲಿ ಊಟದ ಮೇಜು. ಗರ್ಭಗುಡಿಯೇ ಮಲಗುವ ಕೋಣೆ. ನಂದಾದೀಪದ ಕೊಂಡಿಯಿಂದ ಸೊಳ್ಳೆಪರದೆ ಇಳಿಬಿಟ್ಟಿದ್ದರು. ಅಭಿಷೇಕದ ನೀರು ಹೊರಗೆ ಹೋಗುತ್ತಿದ್ದ ಕಲ್ಲಿನ ತೂಬಿನಿಂದ ಈಗ ಸಾಹೇಬರ ಸ್ನಾನದ ಸೋಪಿನ ನೀರು ಹೋಗುತ್ತಿತ್ತು. ಬಾಗಿಲ ಆಚೀಚೆ ನಿಂತ ದ್ವಾರಪಾಲಕರಲ್ಲಿ ಬಲಗಡೆಯವನ ಎತ್ತಿದ ಕೈಗೆ ಟೋಪಿ ತಗುಲಿಹಾಕುವ ಪದ್ಧತಿ. ಕಲ್ಲಿನ ಚೌಕಟ್ಟಿಗೆ ಹೊಸದಾಗಿ ಎರಡು ರೆಕ್ಕೆಯ ಮರದ ಬಾಗಿಲು ಕೂಡಿಸಿದ್ದರು. ಒಳಗೆ ಒಂದು ಕಬ್ಬಿಣದ ಮಂಚ. ಮಗ್ಗುಲು ಬದಲಿಸಿದರೆ ಕಿರ್ ಎನ್ನುವಂಥದ್ದು. ನನಗೆ ಒಂದೇ ಷರತ್ತು: ದೊಡ್ಡ ಸಾಹೇಬರು ಯಾರಾದರೂ ಬಂದರೆ ಕೋಣೆ ಬಿಟ್ಟುಕೊಟ್ಟು ಹೊರಮಂಟಪಕ್ಕೆ ಹೋಗಬೇಕು.

ಬಂಗಲೆಯ ಉಸ್ತುವಾರಿ ದಸ್ತಗೀರನದು. ಅಡಿಗೆಯೂ ಅವನದೇ. ಐವತ್ತು ದಾಟಿದ ಮನುಷ್ಯ, ಗಡ್ಡಕ್ಕೆ ಗೋರಂಟಿ ಬಣ್ಣ. ಮೊದಲ ಎರಡು ವಾರ ನಾನು ಮಡಿವಂತನಾಗಿ ನನ್ನ ಅನ್ನ ನಾನೇ ಬೇಯಿಸಿಕೊಂಡೆ. ಒಂದು ದಿನ ಸೀದದ್ದು, ಒಂದು ದಿನ ಹಸಿ. ಮೂರನೆಯ ವಾರ ದಸ್ತಗೀರ್ ಏನೂ ಹೇಳದೆ ಬಿಸಿ ಜೋಳದ ರೊಟ್ಟಿ, ಬದನೆಕಾಯಿ ಎಣಗಾಯಿ ತಂದು ಮೇಜಿನ ಮೇಲಿಟ್ಟು ಆ ಕಡೆ ಮುಖ ಮಾಡಿ ನಿಂತ. ನನ್ನ ಮಡಿ ಅಲ್ಲಿಗೆ ಮುಗಿಯಿತು. ಈ ದಸ್ತಗೀರ್ ನನ್ನ ಕೋಣೆಗೆ ಚಹಾ ತರುವಾಗಲೆಲ್ಲ ಚಪ್ಪಲಿ ಹೊರಗೆ ಬಿಟ್ಟು ಬರುತ್ತಿದ್ದ. "ಯಾಕೋ ಮಾರಾಯ, ಒಳಗ ದೇವ್ರಿಲ್ಲ, ನಾನದೀನಿ" ಎಂದರೆ, "ಇರ್ಲಿ ಬಿಡ್ರಿ ಸ್ವಾಮಿ, ಅವರ ಮನಿ ಇದು. ನಾವು ನೀವು ನಾಕು ದಿನ ಇರೋರು" ಎನ್ನುತ್ತಿದ್ದ.

ಹಗಲು ಕಂಬಗಳ ಜೊತೆ ಕಳೆದುಹೋಗುತ್ತಿತ್ತು. ಆದರೆ ಕಂಬ ಮಾತಾಡುವುದಿಲ್ಲ. ದಸ್ತಗೀರನೂ ಮಾತು ಕಡಿಮೆಯ ಮನುಷ್ಯ, ಕೆಲಸ ಮುಗಿಸಿ ಕಮಲಾಪುರದ ಮನೆಗೆ ಹೊರಟುಬಿಡುತ್ತಿದ್ದ. ಕೆಲವು ದಿನ ನನ್ನ ದನಿ ನನಗೇ ಕೇಳಲೆಂದು ಅಳತೆಗಳನ್ನು ಗಟ್ಟಿಯಾಗಿ ಓದುತ್ತಿದ್ದೆ. ಒಂಟಿತನ ಎಂದರೆ ಏನೆಂದು ನನಗೆ ಆಗ ಗೊತ್ತಾಯಿತು.

ಒಂದು ಶನಿವಾರ ಜ್ವರ ಬಂದು ಕೆಲಸಕ್ಕೆ ಹೋಗಲಿಲ್ಲ. ಬಾಗಿಲು ಮುಂದೆ ಮಾಡಿಕೊಂಡು ಮಲಗಿದ್ದೆ. ಹೊತ್ತು ಏರುತ್ತಿತ್ತು. ಹೊರಗೆ ಯಾರೋ ಬುಟ್ಟಿ ಇಳಿಸಿದ ಸದ್ದು, ಉಸ್ಸೆಂಬ ಉಸಿರು. ಆಮೇಲೆ ಒಬ್ಬ ಮುದುಕಿಯ ದನಿ, ಬಾಗಿಲಿಗೆ ಮುಖ ಕೊಟ್ಟು:

"ಬಂದೆನೋ ಅಪ್ಪಾ. ಹೋದ ವಾರ ಬರಾಕ ಆಗ್ಲಿಲ್ಲ, ಬೈಬ್ಯಾಡ. ಎಮ್ಮಿ ಕರ ಹಾಕ್ತು. ಹೆಣ್ಣು ಕರ. ರಾತ್ರಿಯೆಲ್ಲ ನನ್ನ ಕಾಲು ಸೇದಿ ಸೇದಿ ಜೀವ ಹೋತು ನೋಡು. ಆ ಬಾಜು ಮನಿ ಈರಿ ಇದ್ದಾಳಲ್ಲ, ನನ್ನ ಸೊಪ್ಪಿನ ಮಡಿಗೆ ಕೋಳಿ ಬಿಡ್ತಾಳ ಬೇಕಂತನ. ನೀ ಏನಾರ ಮಾಡು ಅನ್ನಾಕಿಲ್ಲ ನಾನು. ಸುಮ್ನ ಹೇಳಿದೆ."

ಹೀಗೆ ಅರ್ಧ ಗಂಟೆ. ನಾನು ಉಸಿರು ಬಿಗಿಹಿಡಿದು ಕೇಳಿದೆ. ಕೆಮ್ಮು ಬಂದರೆ ಹೊದಿಕೆ ಬಾಯಿಗೆ ತುರುಕಿಕೊಂಡೆ. ಆಕೆ ಹೋದ ಮೇಲೆ ದಸ್ತಗೀರನನ್ನು ಕೇಳಿದೆ. ಆಕೆ ಬುಕ್ಕಸಾಗರದ ಹುಲಿಗೆವ್ವ. ಶನಿವಾರ ಶನಿವಾರ ಕಮಲಾಪುರಕ್ಕೆ ಸೊಪ್ಪು ಮಾರಲು ಬರುತ್ತಾಳೆ. ಗಂಡ ಇಲ್ಲ. ಒಬ್ಬಳೇ ಮಗಳನ್ನು ಸಂಡೂರಿಗೆ ಕೊಟ್ಟಿದ್ದಾಳೆ, ಅಳಿಯ ಅದಿರಿನ ಗುಡ್ಡದಲ್ಲಿ ಕೂಲಿ. ಅವಳ ಅವ್ವ, ಅವ್ವನ ಅವ್ವ ಎಲ್ಲರೂ ಈ ಬಾಗಿಲಿಗೆ ನಡೆದುಕೊಂಡವರು. ದಸ್ತಗೀರ್ ಒಮ್ಮೆ ಕೇಳಿದ್ದನಂತೆ, ಮೂರ್ತಿನೇ ಇಲ್ಲ, ಯಾರಿಗೆ ಹೇಳ್ತಿ ಅಂತ. "ಕಲ್ಲು ಹೋಗ್ಯಾದ, ಕೇಳೋ ಕಿವಿ ಎಲ್ಲಿಗೆ ಹೋಗ್ತಾವ?" ಎಂದಳಂತೆ. ನಾನು ದಿನಾ ಬೆಳಗ್ಗೆ ಕೆಲಸಕ್ಕೆ ಹೋಗುವವನಾದ್ದರಿಂದ ಕೋಣೆ ಖಾಲಿ ಎಂದೇ ಆಕೆಯ ಲೆಕ್ಕ.

ಮುಂದಿನ ಶನಿವಾರ ನನಗೆ ಜ್ವರವಿರಲಿಲ್ಲ. ಆದರೂ ಮಲಗಿದೆ. ಅದರ ಮುಂದಿನದಕ್ಕೂ ಮಲಗಿದೆ. ಈರಿಯ ಕೋಳಿ ಏನಾಯಿತೆಂದು ತಿಳಿಯದೆ ನನಗೆ ವಾರವೆಲ್ಲ ಚಡಪಡಿಕೆ. ದರೋಜಿ ಕೆರೆಯ ತೂಬನ್ನು ಅಳೆಯಲು ಬಾ ಎಂದು ಕಾಗದ ಬಂದರೆ, ಶನಿವಾರ ಬಿಟ್ಟು ಯಾವ ದಿನವಾದರೂ ಸೈ ಎಂದು ಬರೆದೆ. ದಸ್ತಗೀರ್ ಚಹಾ ಇಡುತ್ತ, "ಶನಿವಾರ ಬಂತಂದ್ರ ಸ್ವಾಮ್ಯಾರಿಗೆ ಜ್ವರ ಹ್ಯಾಂಗ ಬರ್ತಾವೋ ಏನೋ" ಎಂದ. ನಾನು ಗೋಡೆಯ ಕಡೆ ತಿರುಗಿದೆ. ಕಳ್ಳತನ ಎಂದು ನೀವು ಅನ್ನಬಹುದು. ದೇವರಿಗೆ ಬಂದ ಮಾತನ್ನು ನಾನು ಕದಿಯುತ್ತಿದ್ದೆ, ಹೌದು. ಆದರೆ ಏಳು ದಿನಕ್ಕೊಮ್ಮೆ ಯಾರೋ ಬಂದು ನನ್ನ ಬಾಗಿಲಲ್ಲಿ ನಿಂತು "ಬಂದೆನೋ ಅಪ್ಪಾ" ಎನ್ನುತ್ತಿದ್ದರು. ಅದನ್ನು ಬಿಡಲು ನನ್ನಿಂದ ಆಗಲಿಲ್ಲ.

ಇಲ್ಲಿ ನಾನು ಹೂ ಕೇಳುವ ವಿಷಯ ಹೇಳಬೇಕು. ನಮ್ಮ ಕಡೆ ಒಂದು ಕೆಲಸ ಮಾಡಲೋ ಬೇಡವೋ ತಿಳಿಯದಿದ್ದರೆ ದೇವರ ಎರಡು ಭುಜಕ್ಕೆ ಎರಡು ಹೂವನ್ನು ನೀರು ಹಚ್ಚಿ ಅಂಟಿಸುತ್ತಾರೆ. ಬಲಗಡೆಯದು ಮೊದಲು ಬಿದ್ದರೆ ಅಪ್ಪಣೆಯಾಯಿತು, ಎಡಗಡೆಯದು ಬಿದ್ದರೆ ಬೇಡ ಎಂದರ್ಥ. ಬಲ ಎಂದರೆ ದೇವರ ಬಲ, ಎದುರಿಗೆ ನಿಂತ ನಮ್ಮದಲ್ಲ. ಇದು ನನಗೆ ಚಿಕ್ಕಂದಿನಲ್ಲಿ ತಿಳಿದಿರಲಿಲ್ಲ. ನನ್ನನ್ನು ಬಳ್ಳಾರಿಯ ಇಂಗ್ಲಿಷ್ ಶಾಲೆಗೆ ಕಳಿಸುವುದೋ ಬೇಡವೋ ಎಂದು ಅಜ್ಜಿ ನಮ್ಮ ಓಣಿಯ ಹನುಮಪ್ಪನಿಗೆ ಹೂ ಏರಿಸಿದಳು. ನನಗೆ ಹೊಸಪೇಟೆ ಬಿಟ್ಟು ಹೋಗಲು ಸುತರಾಂ ಇಷ್ಟವಿಲ್ಲ. ಅಜ್ಜಿ ಕಣ್ಣು ಮುಚ್ಚಿದ್ದೇ ತಡ, ನನ್ನ ಎಡಗಡೆಯ ಹೂವಿಗೆ ಉಫ್ ಎಂದು ಊದಿದೆ. ಬಿತ್ತು. "ಬಲಕ್ಕ ಕೊಟ್ಟ ನಮ್ಮಪ್ಪ!" ಎಂದು ಅಜ್ಜಿ ಗಲ್ಲ ಬಡಿದುಕೊಂಡಳು. ಮರುವಾರ ನಾನು ಅಳುತ್ತ ರೈಲು ಹತ್ತಿದೆ. ನಾನು ನಾಲ್ಕು ಅಕ್ಷರ ಕಲಿತದ್ದೆಲ್ಲ ಎಡಬಲ ತಿಳಿಯದ್ದರ ಫಲ.

ಹೀಗಿರುವಾಗ ಒಂದು ಶನಿವಾರ ಹುಲಿಗೆವ್ವ ಬುಟ್ಟಿ ಇಳಿಸಿದಳು. "ಬಂದೆನೋ ಅಪ್ಪಾ" ಎಂದು ತಂಬಿಗೆಯನ್ನು ಕಲ್ಲಿನ ಮೇಲಿಟ್ಟ ಸದ್ದಾಯಿತು. ಆಮೇಲೆ ಹೇಳಿದಳು:

"ಮಗಳು ಬಾಣಂತಿ ಆಗ್ಯಾಳ. ಮೂರನೇದು. ಮೈಯಾಗ ಜೀವ ಇಲ್ಲಂತ, ಏಳಾಕ ಬರವಲ್ಲದಂತ. ಅವ್ವಾ, ಎಲ್ಲಾ ಬಿಟ್ಟು ನನ್ ಹತ್ರ ಬಂದು ಇದ್ದುಬಿಡು ಅಂತ ಹೇಳಿ ಕಳಿಸ್ಯಾಳ. ಹೋದ್ರ ಅಲ್ಲೇ. ಎಮ್ಮಿ ಮಾರ್ಬೇಕು, ಗುಡಿಸಲು ಬಿಡ್ಬೇಕು. ನಾ ಹುಟ್ಟಿದಾಗಿಂದ ಆ ಹೊಳಿ ದಂಡಿ ಬಿಟ್ಟಾಕಿ ಅಲ್ಲ. ಸೋಮವಾರ ಸಂಡೂರಿಗೆ ಬಂಡಿ ಐತಿ. ಹೋಗ್ಲೋ, ಬ್ಯಾಡೋ? ನೀ ಹೇಳು."

ಬಾಗಿಲ ಸಂದಿಯಿಂದ ನೋಡಿದೆ. ತಂಬಿಗೆಯ ನೀರಿನಲ್ಲಿ ಎರಡು ಕೆಂಪು ಕಣಗಿಲೆ ಹೂ ಅದ್ದಿ ಬಾಗಿಲಿನ ಎರಡು ರೆಕ್ಕೆಗೂ ಒಂದೊಂದನ್ನು ಒತ್ತಿದಳು. ಕಣ್ಣು ಮುಚ್ಚಿ ಕೈಮುಗಿದು ನಿಂತಳು.

ನಾನು ಬಾಗಿಲ ಹಿಂದೆ, ಹೊರಗಡೆ ಮುಖ ಮಾಡಿ, ದೇವರು ನಿಲ್ಲುತ್ತಿದ್ದ ದಿಕ್ಕಿಗೇ ನಿಂತಿದ್ದೆ. ನನ್ನ ಬಲವೇ ದೇವರ ಬಲ. ಆಕೆ ಹೋಗುತ್ತಾಳೆ ಎಂಬುದೊಂದೇ ನನ್ನ ತಲೆಯಲ್ಲಿತ್ತು. ಸೋಮವಾರ ಬಂಡಿ ಹತ್ತುತ್ತಾಳೆ, ಇನ್ನು ಶನಿವಾರವೂ ಬುಧವಾರದಂತೆಯೇ ಆಗುತ್ತದೆ. ಕೈ ತಾನಾಗಿ ಎದ್ದಿತು ಎಂದು ಹೇಳಿದರೆ ಅದು ಸುಳ್ಳಾಗುತ್ತದೆ. ನಾನೇ ಎತ್ತಿದೆ. ಎಡಗಡೆಯ ರೆಕ್ಕೆಯನ್ನು ಒಂದೇ ಬೆರಳಿನಿಂದ ತಟ್ಟಿದೆ. ಹೂ ಬಿತ್ತು. ಈ ಸಲ ಎಡಬಲ ತಪ್ಪಲಿಲ್ಲ.

ಹುಲಿಗೆವ್ವ ಕಣ್ಣು ಬಿಟ್ಟಳು. ಬಿದ್ದ ಹೂವನ್ನು ನೋಡಿದಳು. "ಆತು, ನಿನ್ನ ಮಾತು" ಎಂದಳು. ಹೂವನ್ನು ಕಣ್ಣಿಗೊತ್ತಿಕೊಂಡು ಸೆರಗಿನ ತುದಿಗೆ ಕಟ್ಟಿಕೊಂಡು ಬುಟ್ಟಿ ಹೊತ್ತು ಹೊರಟಳು.

ನನಗೆ ನಾಚಿಕೆಯಾಗಬೇಕಾಗಿತ್ತು. ಆದರೆ ನಿಜ ಹೇಳುತ್ತೇನೆ, ಆ ದಿನ ಸಂತೋಷವಾಗಿ ಎರಡು ರೊಟ್ಟಿ ಹೆಚ್ಚಿಗೆ ತಿಂದೆ.

ಮುಂದಿನ ಶನಿವಾರ ಹುಲಿಗೆವ್ವ ಬಂದಳು. ಬುಟ್ಟಿ ಇಳಿಸಿದಳು, ಹೊಸ್ತಿಲಿಗೆ ಹಣೆ ಹಚ್ಚಿದಳು, ಎದ್ದು ಹೋದಳು. ಒಂದು ಮಾತಿಲ್ಲ. ಗಂಟಲು ಕಟ್ಟಿರಬೇಕು ಎಂದುಕೊಂಡೆ. ಅದರ ಮುಂದಿನ ವಾರವೂ ಹಾಗೆಯೇ. ಎಮ್ಮೆಯ ಸುದ್ದಿ ಇಲ್ಲ, ಈರಿಯ ಸುದ್ದಿ ಇಲ್ಲ. "ಬಂದೆನೋ ಅಪ್ಪಾ" ಕೂಡ ಇಲ್ಲ. ನಾನು ಒಳಗೆ ಮಂಚದ ಮೇಲೆ ಕಿವಿ ನಿಮಿರಿಸಿಕೊಂಡು ಮಲಗಿದ್ದೇ ಬಂತು. ಮೂರನೆಯ ವಾರ ಒಂದೇ ಮಾತು ಹೇಳಿದಳು:

"ಮಗಳು ಮತ್ತ ಹೇಳಿ ಕಳಿಸ್ಯಾಳ. ಗಂಜಿ ಕಾಸಿ ಕೊಡೋರು ಇಲ್ಲಂತ. ನೀನ ಬ್ಯಾಡ ಅಂದಿ, ನಾ ಹೋಗಿಲ್ಲ. ಅವಳಿಗೇನಾರ ಆದ್ರ ನೀನ ನೋಡ್ಕೋ."

ಆಕೆ ಹೋದ ಮೇಲೆ ನಾನು ಮಂಚದ ಮೇಲೆ ಎದ್ದು ಕೂತೆ. ದಸ್ತಗೀರ್ ಚಹಾ ತಂದ. ನನ್ನ ಮುಖ ನೋಡಿ ಏನಾಯಿತೆಂದು ಕೇಳಿದ. ಎಲ್ಲವನ್ನೂ ಹೇಳಿಬಿಟ್ಟೆ. ಒಂದು ದಿನವೂ ನನ್ನೆದುರು ದನಿ ಏರಿಸದವನು ಬಟ್ಟಲನ್ನು ನೆಲದ ಮೇಲೆ ಕುಕ್ಕಿದ.

"ನಾನು ಈ ಕ್ವಾಣಿಗೆ ಚಪ್ಪಲ್ ಬಿಟ್ಟು ಬರ್ತೀನ್ರಿ. ನೀವು ಇದರಾಗ ನಿಂತು ಸುಳ್ಳು ಹೇಳೀರಿ! ಭಾಳ ತಪ್ಪು ಮಾಡೀರಿ ಸ್ವಾಮಿ. ಕಮಲಾಪುರದ ಸಂತಿ ಬಿಟ್ಟಿರಾಕಿಲ್ಲ ಇನ್ನ. ಜಲ್ದಿ ಏಳ್ರಿ, ನಡೀರಿ."

ಅಂಗಿ ಹಾಕಿಕೊಳ್ಳಲೂ ಬಿಡಲಿಲ್ಲ ಪುಣ್ಯಾತ್ಮ. ಬನಿಯನ್ನಿನಲ್ಲೇ ಕೆರೆಯ ಏರಿಯ ಮೇಲೆ ಓಡಿದೆ. ಸಂತೆಯಲ್ಲಿ ಹುಲಿಗೆವ್ವ ಪುಂಡಿ ಸೊಪ್ಪಿಗೆ ನೀರು ಚಿಮುಕಿಸುತ್ತ ಕೂತಿದ್ದಳು. ನಾನು ಎದುರಿಗೆ ಕುಕ್ಕರುಗಾಲಿನಲ್ಲಿ ಕೂತೆ. ಗಿರಾಕಿ ಎಂದುಕೊಂಡು ಒಂದು ಕಟ್ಟು ಎತ್ತಿ ತೋರಿಸಿದಳು.

"ಅವ್ವಾ, ಆ ಹೂ ಬೀಳಿಸಿದವ ನಾನು. ಬಂಗ್ಲೆದಾಗ ಇರೋನು. ಒಳಗಿಂದ ಬಾಗಿಲ ತಟ್ಟಿದೆ."

ಆಕೆಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಎತ್ತಿದ ಕೈ ಹಾಗೆಯೇ ನಿಂತಿತ್ತು.

"ನೀ ದಿನಾ ಒಳಗ ಇರ್ತಿದ್ದೇನು?"

"ಶನಿವಾರ ಇರ್ತಿದ್ದೆ."

"ನಾ ಹೇಳಿದ್ದೆಲ್ಲಾ ಕೇಳಿದ್ದೇನು?"

"ಹೂಂ."

"ಥೂ ನಿನ್ನ!" ಎಂದಳು. ಪುಂಡಿ ಸೊಪ್ಪಿನ ಕಟ್ಟು ನನ್ನ ಎದೆಗೆ ಬಂದು ಬಡಿಯಿತು. "ನನ್ನ ಮಗಳ ಜೀವದ ಜೋಡಿ ಆಟ ಆಡಿದ್ಯಲ್ಲೋ! ನಾ ಏನು ಮಾಡಿದ್ದೆ ನಿನಗ? ಯಾಕ ಮಾಡ್ದಿ ಹಂಗ?"

"ನೀ ಹೋದ್ರ ನನ್ನ ಜೋಡಿ ಮಾತಾಡೋರು ಯಾರೂ ಇಲ್ಲವ್ವಾ" ಎಂದೆ. ಸಂತೆಯ ಗದ್ದಲದಲ್ಲಿ, ನಡುವಯಸ್ಸಿನ ಗಂಡಸು, ಬನಿಯನ್ನಿನಲ್ಲಿ ಕೂತು ಅತ್ತೆ. ಪಕ್ಕದ ಮೆಣಸಿನಕಾಯಿಯವಳು ಬಾಯಿ ತೆರೆದು ನೋಡುತ್ತಿದ್ದಳು.

ಹುಲಿಗೆವ್ವ ಬಿದ್ದ ಸೊಪ್ಪಿನ ಕಟ್ಟನ್ನು ಎತ್ತಿ ಬುಟ್ಟಿಗೆ ಹಾಕಿಕೊಂಡಳು. "ಹೇಣ್ತಿ ಇಲ್ಲೇನು?" ಎಂದಳು. ಇಲ್ಲ ಎಂದೆ. ಆಕೆ ಸೆರಗಿನ ಗಂಟು ಬಿಚ್ಚಿದಳು. ಒಣಗಿ ಕಪ್ಪಾಗಿದ್ದ ಹೂವನ್ನು ತೆಗೆದು ನಮ್ಮಿಬ್ಬರ ನಡುವೆ ಇಟ್ಟಳು.

"ಹಂಗಾರ ಅವನು ಇನ್ನೂ ಏನೂ ಹೇಳಿಲ್ಲ. ಒಂದು ಮಾತಿಗೆ ಎರಡು ಸಲ ಹೂ ಏರ್ಸಾಕ ಬರಂಗಿಲ್ಲ ನಮ್ಮಾಗ. ಅವನ ಜಾಗದಾಗ ನಿಂತಿದ್ದಿ, ಈಗ ನೀನ ಬಾಯಿ ಬಿಟ್ಟು ಹೇಳು. ನಾ ಹೋಗ್ಲೋ, ಬ್ಯಾಡೋ?"

"ಹೋಗವ್ವಾ" ಎಂದೆ.

"ಗಟ್ಟಿಯಾಗಿ ಹೇಳು. ನನ್ನ ಮಾರಿ ನೋಡಿ ಹೇಳು."

"ಹೋಗವ್ವಾ. ಸೋಮವಾರನ ಹೋಗು."

ಆಕೆ ಎದ್ದು ಸೀರೆ ಕೊಡವಿಕೊಂಡಳು. ಮಾರದೆ ಉಳಿದ ಸೊಪ್ಪನ್ನೆಲ್ಲ ನನ್ನ ಮಡಿಲಿಗೆ ಸುರಿದಳು. "ಆ ಸಾಬಗ ಹೇಳು, ಬ್ಯಾಳಿ ಹಾಕಿ ಮಾಡಿ ಕೊಡ್ತಾನ. ಮೈಯಾಗ ಮಾಂಸನ ಇಲ್ಲ ನೋಡು ನಿನಗ" ಎಂದು ಹೇಳಿ ಬುಕ್ಕಸಾಗರದ ದಾರಿ ಹಿಡಿದಳು. ಹಿಂತಿರುಗಿ ನೋಡಲಿಲ್ಲ.

ಸೋಮವಾರ ಹೋದಳೆಂದು ದಸ್ತಗೀರ್ ಹೇಳಿದ. ತಿಂಗಳಾದ ಮೇಲೆ ಅದಿರಿನ ಬಂಡಿಯವರಿಂದ ಸುದ್ದಿ ಬಂತು: ಮಗಳು ಎದ್ದು ಓಡಾಡುತ್ತಿದ್ದಾಳೆ, ಕೂಸು ಚೆನ್ನಾಗಿದೆ, ಮುದುಕಿ ಅಲ್ಲೇ ಸೊಪ್ಪಿನ ಮಡಿ ಹಾಕಿದ್ದಾಳೆ. ನನಗೆ ಎದೆಯ ಮೇಲಿನ ಕಲ್ಲು ಇಳಿದಂತಾಯಿತು. ಮರುದಿನ ಶನಿವಾರವಾಗಿತ್ತು. ಬಾಗಿಲು ಮುಂದೆ ಮಾಡಿಕೊಂಡು ಮಲಗಿದೆ. ಎದ್ದು ಕೆಲಸಕ್ಕೆ ಹೋದೆ.

ಈ ಕಾರ್ಡು ಕಳಿಸಿದ ಸ್ಪೇನಿನ ಸಾಹೇಬ ಬಂದದ್ದು ಆಮೇಲೆ. ಸಂಡೂರಿನ ಅದಿರು ನೋಡಲು ಬಂದವನು, ಹಂಪಿ ನೋಡಿಹೋಗುವೆನೆಂದು ನಾಲ್ಕು ದಿನಕ್ಕೆ ಬಂಗಲೆಗೆ ಬಂದ. ಎತ್ತರದ, ಬಾಗಿದ ಬೆನ್ನಿನ ಮನುಷ್ಯ, ನನ್ನಷ್ಟೇ ವಯಸ್ಸು. ಷರತ್ತಿನಂತೆ ನಾನು ನನ್ನ ಹಾಸಿಗೆ ಸುತ್ತಿಕೊಂಡು ಹೊರಮಂಟಪಕ್ಕೆ ಬಂದೆ. ಅಪ್ಪನ ಜಾಗಕ್ಕೇ ಬಂದಂತಾಯಿತು. ಅವನ ಇಂಗ್ಲಿಷ್ ನನ್ನದಕ್ಕಿಂತ ಕೆಟ್ಟದಾಗಿತ್ತು, ಅದರಿಂದ ಸಲುಗೆ ಬೇಗ ಬೆಳೆಯಿತು. ದಸ್ತಗೀರ್ ಚಪ್ಪಲಿ ಬಿಟ್ಟು ಬರುವುದನ್ನು ನೋಡಿ ಏಕೆಂದು ಕೇಳಿದ. ಹೇಳಿದೆ. ಮರುದಿನದಿಂದ ಅವನ ಬೂಟುಗಳೂ ಬಾಗಿಲ ಹೊರಗೆ, ಚಪ್ಪಲಿಗಳ ಪಕ್ಕದಲ್ಲಿ. ಸಂಜೆ ಮೆಟ್ಟಿಲ ಮೇಲೆ ಕೂತು ಕೆರೆ ನೋಡುತ್ತ ತನ್ನ ದೇಶದ ಹೋಟಲುಗಳ ಸುದ್ದಿಯೆಲ್ಲ ಹೇಳಿದ. ಕೋಟೆಯ ಬುರುಜಿನೊಳಗೆ ಮಲಗಿದ್ದು, ಮಠದ ಪ್ರಾರ್ಥನೆಯ ಮನೆಯಲ್ಲಿ ಊಟ ಮಾಡಿದ್ದು. "ಒಳ್ಳೆಯ ಜಾಗಗಳು. ಆದರೆ ಗೋಡೆಗಳು ಬಹಳ ದಪ್ಪ. ಒಬ್ಬನೇ ಹೋದವನಿಗೆ ಅಲ್ಲಿ ಏನೂ ಕೇಳಿಸುವುದಿಲ್ಲ" ಎಂದ. ಅವನಿಗೆ ಮನೆಯಲ್ಲಿ ಯಾರಿದ್ದಾರೆಂದು ನಾನು ಕೇಳಲಿಲ್ಲ. ಅವನೂ ಕೇಳಲಿಲ್ಲ.

ಶನಿವಾರ ಬಂತು. ನಸುಕಿನಲ್ಲೇ ಹಂಪಿಗೆ ಹೋಗುತ್ತೇನೆಂದು ಸಾಹೇಬ ಹಿಂದಿನ ದಿನ ಹೇಳಿದ್ದ. ಬಿಸಿಲೇರುವ ಹೊತ್ತಿಗೆ ನಾನು ಆ ಬಾಗಿಲ ಮುಂದೆ ನಿಂತಿದ್ದೆ. ಹೊರಗಡೆಯಿಂದ ಅದನ್ನು ನಾನು ಸರಿಯಾಗಿ ನೋಡಿಯೇ ಇರಲಿಲ್ಲ. ಕಣಗಿಲೆಯ ಕೆಂಪು ಎರಡು ರೆಕ್ಕೆಯ ಮೇಲೂ ಇನ್ನೂ ಸ್ವಲ್ಪ ಉಳಿದಿತ್ತು. ಯಾರೂ ಇಲ್ಲವೆಂದು ಆಚೀಚೆ ನೋಡಿದೆ.

"ಬಂದೆನಪ್ಪಾ" ಎಂದೆ.

ಆಮೇಲೆ ಮಾತು ನಿಲ್ಲಲಿಲ್ಲ. ಹುಲಿಗೆವ್ವನ ಮಗಳು ಎದ್ದಳೆಂದು ಹೇಳಿದೆ. ಎಮ್ಮೆ ಯಾರ ಕೈ ಸೇರಿತೋ ತಿಳಿಯದು ಎಂದೆ. ಹಾಗೆಯೇ ಹೇಳುತ್ತ ಹೇಳುತ್ತ ಇಷ್ಟು ವರ್ಷ ಯಾರ ಮುಂದೆಯೂ ಆಡದಿದ್ದ ಮಾತಿಗೆ ಬಂದೆ. ನನ್ನ ಹೆಂಡತಿಯ ಜ್ವರ ಹೆಚ್ಚಾದ ದಿನ ನಾನು ಊರಲ್ಲಿರಲಿಲ್ಲ ಎಂದೆ. ದರೋಜಿಯಲ್ಲಿ ಕೆರೆ ಅಳೆಯುತ್ತಿದ್ದೆ. ಬಾ ಎಂದು ಹೇಳಿ ಕಳಿಸಿದ್ದಳು, ಇನ್ನೊಂದು ದಿನದ ಕೆಲಸ ಮುಗಿಸಿ ಬರುತ್ತೇನೆ ಎಂದಿದ್ದೆ. ಬಂದಾಗ ಬಾಗಿಲಲ್ಲಿ ಜನ ನಿಂತಿದ್ದರು. ಅವಳ ಸೀರೆ ಹಗ್ಗದ ಮೇಲೆ ಒಣಗುತ್ತಿತ್ತು. ಇನ್ನೂ ಅಲ್ಲೇ ಇದೆ, ತೆಗೆಯಲು ನನ್ನಿಂದ ಆಗಿಲ್ಲ ಎಂದೆ. "ಒಬ್ಬನೇ ಇರೋದು ಭಾಳ ಕಷ್ಟ ಐತೋ ಅಪ್ಪಾ" ಎಂದೆ.

ಆಗ ಒಳಗೆ ಮಂಚ ಕಿರ್ ಎಂದಿತು.

ಕೆಳಗೆ ನೋಡುತ್ತೇನೆ, ಬೂಟುಗಳು ಅಲ್ಲೇ ಇವೆ. ಸಾಹೇಬ ಹಂಪಿಗೆ ಹೋಗಿರಲೇ ಇಲ್ಲ. ಬಾಗಿಲು ತೆರೆಯಬಹುದೆಂದು ಕಾದೆ. ತೆರೆಯಲಿಲ್ಲ. ಒಂದು ಕೆಮ್ಮು ಬಂದು ಅರ್ಧಕ್ಕೇ ನಿಂತಿತು. ಹೊದಿಕೆ ಬಾಯಿಗೆ ತುರುಕಿಕೊಂಡರೆ ಹೇಗೆ ಕೇಳುತ್ತದೆಂದು ನನಗೆ ಚೆನ್ನಾಗಿ ಗೊತ್ತಿತ್ತು.

ಸಾಹೇಬ ಭಾನುವಾರ ಹೊರಟ. ಆ ವಿಷಯ ಅವನೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಮೋಟಾರು ಹತ್ತುವ ಮೊದಲು ನನ್ನ ಕೈಯನ್ನು ಎರಡು ಕೈಯಿಂದ ಹಿಡಿದುಕೊಂಡು ಸ್ವಲ್ಪ ಹೆಚ್ಚು ಹೊತ್ತೇ ನಿಂತ. ಆ ತಿಂಗಳು ನಾನು ಬಳ್ಳಾರಿಗೆ ಹೋಗಿ ಹಗ್ಗದ ಮೇಲಿನ ಸೀರೆ ತೆಗೆದು ಮಡಿಚಿ ಪೆಟ್ಟಿಗೆಯಲ್ಲಿಟ್ಟೆ.

ಎರಡು ವರ್ಷವಾದ ಮೇಲೆ ಈ ಕಾರ್ಡು ಬಂಗಲೆಯ ವಿಳಾಸಕ್ಕೆ ಬಂತು. ಅಷ್ಟರಲ್ಲಿ ನನಗೆ ಹೊಸಪೇಟೆಗೆ ವರ್ಗವಾಗಿತ್ತು. ದಸ್ತಗೀರ್ ಏಳು ಮೈಲಿ ನಡೆದು ತಂದುಕೊಟ್ಟು, ಚಿತ್ರ ನೋಡಿ, "ನಮ್ಮ ಬಂಗ್ಲೆನ ಚಲೋ ಐತ್ರಿ" ಎಂದ. ನಾನು ಉತ್ತರ ಬರೆದು ಹಾಕಿದೆ. ಆದರೆ ಆ ದೇಶದಲ್ಲಿ ಅಣ್ಣತಮ್ಮಂದಿರೇ ಬಡಿದಾಡುವ ಯುದ್ಧ ಶುರುವಾಯಿತು. ಉತ್ತರ ತಲುಪಿತೋ, ಅವನು ಇದ್ದಾನೋ ಇಲ್ಲವೋ, ಆ ಮಠದ ಗೋಡೆಗಳಾದರೂ ನಿಂತಿವೆಯೋ, ಯಾವುದೂ ನನಗೆ ತಿಳಿಯದು. ಇವತ್ತು ಕಾರ್ಡನ್ನು ಒರೆಸಿ, ಕನ್ನಡಕ ಹಾಕಿಕೊಂಡು, ಹಿಂಭಾಗ ತಿರುಗಿಸಿ ಮತ್ತೆ ಓದಿದೆ. ಅವನ ಮುರುಕು ಇಂಗ್ಲಿಷನ್ನು ನನಗೆ ತಿಳಿದಂತೆ ಕನ್ನಡದಲ್ಲಿ ಹೇಳುತ್ತೇನೆ:

"ಗೆಳೆಯರೇ, ಇದು ನಾನು ಹೇಳಿದ್ದ ಮಠ. ಕೋಣೆ ಚೆನ್ನಾಗಿದೆ, ಕಿಟಕಿಯಿಂದ ಹೊಳೆ ಕಾಣುತ್ತದೆ. ಹಿಂದೆ ಇಲ್ಲಿ ಸನ್ಯಾಸಿಗಳು ಇದ್ದರಂತೆ. ಆ ದಿನ ನೀವು ಹೇಳಿದ್ದರಲ್ಲಿ ನನಗೆ ಒಂದು ಪದವೂ ತಿಳಿಯಲಿಲ್ಲ, ಆದರೂ ಪೂರ್ತಿ ಕೇಳಿದೆ. ಇವತ್ತು ಶನಿವಾರ. ಬೆಳಗ್ಗೆಯಿಂದ ಬಾಗಿಲು ಹಾಕಿಕೊಂಡು ಮಲಗಿದ್ದೇನೆ. ಯಾರೂ ಬರಲಿಲ್ಲ."